ಐನೂರ ಹನ್ನೆರಡು ಜಿಬಿಯ ಮದುವೆ

ಗದಗಿನಲ್ಲಿ ದಾವಲಸಾಬ ಎಂಬ ಫೋಟೋಗ್ರಾಫರ್. ಇಪ್ಪತ್ತು ವರ್ಷದಿಂದ ಮದುವೆ ಫೋಟೋ ತೆಗೆಯುವುದೇ ಅವನ ಕಸುಬು...

ಒಮ್ಮೆ ದೊಡ್ಡ ಮದುವೆಯೊಂದು ಸಿಕ್ಕಿತು. ಹಳೆಯ ಮೆಮೊರಿ ಕಾರ್ಡ್ ಸಾಲದು ಎಂದು ಹುಬ್ಬಳ್ಳಿಗೆ ಹೋದ.

ಗುರುತಿನ ಅಂಗಡಿಯ ಯಜಮಾನರು ಅರವತ್ನಾಲ್ಕು ಜಿಬಿಯ ಎರಡು ಕಾರ್ಡ್ ತೆಗೆದಿಟ್ಟರು.

"ಎರಡು ಯಾಕ್ರೀ? ದೊಡ್ಡದು ಒಂದ ಕೊಡ್ರಿ. ನಡುನಡುವ ಬದಲ್ಸೋ ತ್ರಾಸು ತಪ್ಪತೈತಿ."

"ಒಂದು ಕೈಕೊಟ್ರ ಇನ್ನೊಂದರ ಉಳಿತೈತಿ, ಸಾಬ್ರ. ಮತ್ತ ಯಾವ ಹೊಸ ಕಾರ್ಡ್ ತಗೊಂಡ್ರೂ ಮದ್ಲ ಏನಾರ ಪೂರ್ತಿ ತುಂಬ್ಸಿ, ತೆಗದು ನೋಡ್ರಿ. ಆಮ್ಯಾಲ ಮದುವಿಗೆ ಒಯ್ರಿ."

ದಾವಲಸಾಬ ನಕ್ಕು, ಏನೂ ಕೊಳ್ಳದೆ ಹೊರಬಿದ್ದ.

ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಟೇಬಲ್ ಹಾಕಿಕೊಂಡು ಚಾರ್ಜರ್, ಇಯರ್‌ಫೋನ್, ಕಾರ್ಡ್ ಮಾರುತ್ತಿದ್ದ. ಒಂದು ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 512 ಜಿಬಿ ಎಂದಿತ್ತು. ಆ ಅಂಕಿ ನೋಡಿಯೇ ಇವನ ಮನಸ್ಸು ಸೋತಿತು, ಕೊಂಡುಬಿಟ್ಟ...

ತುಂಬಿಸಿ ನೋಡಲು ಪುರುಸೊತ್ತೆಲ್ಲಿ? ಮರುದಿನ ಬೆಳಿಗ್ಗೆಯೇ ಮದುಮಗಳ ಮನೆಯಲ್ಲಿರಬೇಕು. ಹೊಸ ಕಾರ್ಡಿಗೆ ಏನಾಗುತ್ತದೆ, ಬಿಡು ಎಂದುಕೊಂಡ.

ಎರಡು ದಿನ ಮನಸೋ ಇಚ್ಛೆ ಕ್ಲಿಕ್ ಮಾಡಿದ. ಎಷ್ಟು ತೆಗೆದರೂ ಕ್ಯಾಮೆರಾ ಇನ್ನೂ ಸಾವಿರಾರು ಬಾಕಿ ಎನ್ನುತ್ತಿತ್ತು!

ಮೂರನೆಯ ದಿನ ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿದ. ಮೊದಲ ನಾನೂರು ಫೋಟೋ ಚೆನ್ನಾಗಿ ತೆರೆದವು.

ಮುಂದಿನದರಲ್ಲಿ ಅರ್ಧ ಮುಖ ಬಂತು... ಅಲ್ಲಿಂದಾಚೆ ಬರೀ ಬೂದು ಬಣ್ಣ.

ಕಾರ್ಡ್ ನಕಲಿ. ಮೇಲೆ ಬರೆದದ್ದು ಐನೂರ ಹನ್ನೆರಡು, ಒಳಗಿದ್ದದ್ದು ಹದಿನಾರು.

ಉಳಿದದ್ದು ಮದುವೆಯ ಹಿಂದಿನ ದಿನ ಮನೆಯಲ್ಲಿ ತೆಗೆದಷ್ಟೇ. ಅಕ್ಷತೆ ಇಲ್ಲ, ತಾಳಿ ಇಲ್ಲ, ಮಂಟಪವೇ ಇಲ್ಲ. ವಿಡಿಯೋ ಬೇಡ ಎಂದು ಮನೆಯವರು ಮೊದಲೇ ಹೇಳಿದ್ದರು. ನೆಂಟರ ಮೊಬೈಲುಗಳನ್ನು ಕೇಳಿ ನೋಡಿದರೆ ಅಲ್ಲಿ ಬರೀ ಜನರ ಬೆನ್ನು, ಮೇಲೆತ್ತಿದ ಕೈ!

ಕ್ಯಾಮೆರಾ ಕೆಟ್ಟಿತ್ತು ಎಂದು ಸುಳ್ಳು ಹೇಳಬಹುದಿತ್ತು. ಇದ್ದದ್ದನ್ನು ಹೇಳಿದರೆ ಇಪ್ಪತ್ತು ವರ್ಷದ ಹೆಸರು ಒಂದೇ ವಾರದಲ್ಲಿ ಹೋಗುತ್ತಿತ್ತು...

ಆದರೂ ಐದನೆಯ ದಿನ ಹಳೆಯ ಕಾರ್ಡಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಲ್ಯಾಪ್‌ಟಾಪ್ ಹಿಡಿದು ಮದುಮಗಳ ಮನೆಗೆ ಹೋದ.

ಮದುಮಗಳು ಪವಿತ್ರಾ ಗಂಡನೊಡನೆ ತವರಿಗೆ ಬಂದಿದ್ದಳು. ಅವಳ ತಂದೆ ತೀರಿ ಎಂಟು ವರ್ಷವಾಗಿತ್ತು. ಮುಂದೆ ನಿಂತು ಮದುವೆ ಮಾಡಿದವನು ಕಾಕಾ ಶೇಖಪ್ಪ.

ದಾವಲಸಾಬ ಒಂದೂ ಮುಚ್ಚಿಡದೆ ಹೇಳಿದ.

ಶೇಖಪ್ಪ ಎದ್ದು ನಿಂತ. "ಏ ದಾವಲಾ! ಹಂಗಾರ ಮಂಟಪದಾಗ ಖಾಲಿ ಡಬ್ಬಿ ಹಿಡ್ಕೊಂಡು ಕುಣದೇನು? 'ನಗ್ರಿ ನಗ್ರಿ' ಅಂತ ನನ್ನ ದವಡಿ ಬ್ಯಾನಿ ಬರೂವಂಗ ನಗಿಸಿದೆಲ್ಲೋ!"

"ತಪ್ಪು ನಂದ ರೀ ಯಜಮಾನ್ರ. ಏನಂದ್ರೂ ಕೇಳ್ತೀನಿ."

"ಕೇಳಾಕೇನು ಉಳದೈತಿ? ಪ್ಯಾಟಿ ತುಂಬ ಹೇಳ್ತೀನಿ ನೋಡು, ಇವನ್ನ ಯಾರೂ ಕರೀಬ್ಯಾಡ್ರಿ ಅಂತ!"

 ಪವಿತ್ರಾ ಲ್ಯಾಪ್‌ಟಾಪ್ ತನ್ನತ್ತ ತಿರುಗಿಸಿಕೊಂಡು ಉಳಿದ ಫೋಟೋಗಳನ್ನು ಒಂದೊಂದೇ ನೋಡತೊಡಗಿದಳು...

ಅವ್ವ ನೀಲವ್ವ ಅವಳ ತಲೆ ಬಾಚುತ್ತಿರುವುದು. ಅವ್ವ ಹೋಳಿಗೆ ತಟ್ಟುತ್ತ ಯಾರನ್ನೋ ಬೈಯುತ್ತಿರುವುದು. ಅವ್ವ ತುತ್ತು ಮಾಡಿ ಅವಳ ಬಾಯಿಗಿಡುತ್ತಿರುವುದು.

"ದಾವಲಣ್ಣಾ, ಒಂದು ಮಾತು ಕೇಳ್ಲಿ? ಉಳದಾವಲ್ಲ ಇವು, ಇವುದರಾಗೆಲ್ಲಾ ಅವ್ವ ಅದಾಳ. ಹೋದುವಲ್ಲ... ಅವುದರಾಗ ಒಂದರಾಗರ ಅವ್ವ ಇದ್ಲೇನು?"

ದಾವಲಸಾಬನಿಗೆ ಮದುವೆಯ ದಿನ ನೆನಪಾಯಿತು.

ಗಂಡನಿಲ್ಲದವಳೆಂದು ನೀಲವ್ವ ಮಂಟಪ ಹತ್ತಿರಲಿಲ್ಲ. ಕಂಬದ ಹಿಂದೆ ನಿಂತು ಇಣುಕುತ್ತಿದ್ದಳು. "ಅಕ್ಕಾರ, ಒಂಚೂರು ಸರೀರಿ, ಫೋಟೋದಾಗ ಬರಾಕತ್ತೀರಿ" ಎಂದು ಸರಿಸಿದವನು ಇವನೇ...

"ಇಲ್ಲ ತಂಗಿ," ಎಂದ. "ನಾನ ಸರಿಸಿದ್ದೆ."



ಪವಿತ್ರಾ ಕಣ್ಣೊರೆಸಿಕೊಂಡಳು. "ಹಂಗಾರ ಹೋದುವು ಹೋಗ್ಲಿ. ಇನ್ನೊಮ್ಮೆ ತೆಗಿ. ಇಲ್ಲೇ, ಈಗ. ಅವ್ವನ್ನ ನಿಲ್ಲಿಸ್ಕೊಂಡು."

ನೀಲವ್ವ ಗಾಬರಿಯಾದಳು. "ಬ್ಯಾಡವಾ! ಅಂಥಾ ಜಾಗಾದಾಗ ನಾ ನಿಲ್ಲಬಾರ್ದು. ಮಂದಿ ಏನಂದಾರು?"

"ಲಗ್ನ ಮುಗದೈತಿ ಬೇ. ಇದು ಬರೇ ಫೋಟೋ. ಫೋಟೋಕ್ಕ ಮುಹೂರ್ತ ಐತೇನು?"

ಅಳಿಯ ಒಳಗೆ ಹೋದ. ಮದುವೆಯ ಪೇಟ ಸುತ್ತಿಕೊಂಡು ಬಂದು ನಿಂತ!

ಎಲ್ಲರೂ ಶೇಖಪ್ಪನ ಮುಖ ನೋಡಿದರು.  ಅವನು ಒಳಗೆ ಹೋಗಿ ದೇವರ ಮುಂದಿದ್ದ ಅಕ್ಷತೆಯ ತಟ್ಟೆ ತಂದು ಅತ್ತಿಗೆಯ ಎದುರು ಹಿಡಿದ.

"ಅವತ್ತು ಅಕಿ ಬಾಜೂಕ ನಾ ನಿಂತಿದ್ನಲ್ಲ ವೈನಿ... ಅದು ನಿಮ್ಮ ಜಾಗಾ. ಬರ್ರಿ."

ಮಗಳ ಪಕ್ಕ ಬಂದು ನಿಂತ ನೀಲವ್ವ ಅಕ್ಷತೆ ಹಾಕಲೇ ಇಲ್ಲ. ಅಕ್ಕಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮಗಳ ಮುಖವನ್ನೇ ನೋಡುತ್ತ ನಿಂತುಬಿಟ್ಟಳು...

"ಹಾಕ್ರಿ ವೈನಿ, ಫೋಟೋ ತೆಗೀಬೇಕು" ಎಂದ ಶೇಖಪ್ಪ. 

"ಇರ್ಲಿ ಬಿಡ್ರಿ ಯಜಮಾನ್ರ," ಎಂದ ದಾವಲಸಾಬ. "ಹಿಂಗ ಇರ್ಲಿ."

ಒಂದೇ ಒಂದು ಸಲ ಕ್ಲಿಕ್ ಮಾಡಿದ.

ಆ ಮನೆಯ ಗೋಡೆಯ ಮೇಲೆ ಇವತ್ತಿಗೂ ಇರುವುದು ಅದೊಂದೇ ಮದುವೆ ಫೋಟೋ.

*

ಕಾರ್ಡ್ ಎಷ್ಟೇ ದೊಡ್ಡದಿರಲಿ... ಅದರಲ್ಲಿ ಯಾರಿಗೆ ಜಾಗ ಎಂದು ತೀರ್ಮಾನಿಸುವುದು ನಮ್ಮ ಮನಸ್ಸು.

ನಿಮ್ಮ ಮನೆಯ ಆಲ್ಬಮ್ ಒಮ್ಮೆ ತೆರೆದು ನೋಡಿ... ಅದರಲ್ಲಿ ಇರಲೇಬೇಕಾದವರು ಯಾರು ಕಾಣುತ್ತಿಲ್ಲ?