ಸುಗ್ಗಿ ಹಬ್ಬಕ್ಕೆ ಒಯ್ದ ತತ್ತಿ

ಹೊಸ ಭತ್ತದ ಹುಲ್ಲಿನ ವಾಸನೆ ಬಂದರೆ ಈಗಲೂ ನನ್ನ ಕೈಗಳು ತಾವಾಗಿ ಬೊಗಸೆಯಾಗುತ್ತವೆ.

ಅಂದು ಸಿರುಗುಪ್ಪದ ಚರ್ಚಿನಲ್ಲಿ ಸುಗ್ಗಿ ಹಬ್ಬ. ಮೊದಲ ಫಲ ದೇವರಿಗೆ ಎಂದು ಎಲ್ಲರೂ ಭತ್ತ ತಂದಿದ್ದರು. ನಾನು ನನ್ನ ಕೋಳಿಯ ಮೊದಲ ತತ್ತಿಯನ್ನು ಹುಲ್ಲಿನಲ್ಲಿ ಸುತ್ತಿ, ನಮ್ಮೂರು ಕರೂರಿನಿಂದ ಅವ್ವನ ಜೊತೆ ಬಸ್ಸಿನಲ್ಲಿ ಉಸಿರು ಬಿಗಿಹಿಡಿದು ತಂದಿದ್ದೆ. ನನ್ನ ಸರದಿಗಾಗಿ ತುದಿಗಾಲಲ್ಲಿ ನಿಂತಿದ್ದೆ.

"ಯಾತಕ್ಕ ಸ್ತೋತ್ರ ಹೇಳ್ತೀರಿ?" ಎಂದು, ದೇವರಿಗೆ ಕೃತಜ್ಞತೆ ಹೇಳುವ ಹೊತ್ತಿಗೆ ಪಾದ್ರಿಗಳು ಎಲ್ಲರನ್ನೂ ಕೇಳಿದರು.

ನನ್ನ ತಮ್ಮ ತೀರಿಕೊಂಡಾಗಿನಿಂದ ಮಾತು, ನಿದ್ದೆ ಎರಡನ್ನೂ ಬಿಟ್ಟಿದ್ದ ಅವ್ವ ಎದ್ದು ನಿಂತಳು.

"ಮಗಳ ಕೋಳಿ ತತ್ತಿ ಇಟ್ಟೈತ್ರಿ. ಮುಂಜಾನಿಂದ ಮನಿ ತುಂಬ ಕುಣಿದಾಳ. ಅದಕ್ಕ ಸ್ತೋತ್ರ."

ಮಧ್ಯಾಹ್ನ ಬಸ್ಸಿನಲ್ಲಿ ಅವ್ವ ನನ್ನ ಹೆಗಲಿಗೊರಗಿ ಗಾಢ ನಿದ್ದೆಹೋದಳು.

"ಕರೂರು ಬಂತು, ಇಳೀರಿ" ಎಂದು ಕಂಡಕ್ಟರ್ ಕೂಗಿದ.

ನಾನು ಕೇಳಿಸದವಳಂತೆ ಮಿಸುಕದೆ ಕೂತೆ.