ಹಿಂದೆ ಕೂತವಳ ಮುಖ

ಬೀದಿಯಲ್ಲಿ ಯಾರ ಫೋಟೊ ತೆಗೆಯುವ ಮೊದಲೂ "ಹಿಂದಿರೋರು ಸರ್ಕೊಳ್ಳಿ" ಎಂದು ಕೂಗಬೇಕು. ಫೋಟೊದಲ್ಲಿ ಮಸುಕಾದವರು ಆಮೇಲೆ ನಿಜದಲ್ಲೂ ಮಸುಕಾಗಿಯೇ ಉಳಿಯುತ್ತಾರಲ್ಲ. ಕ್ಯಾಮೆರಾ ನೇತುಹಾಕಿಕೊಂಡು ಬಂದ ಈ ಹುಡುಗ ಕೂಗದೆ ನನ್ನ ಫೋಟೊ ತೆಗೆದ. ನನ್ನ ಹಿಂದೆ ಕೂತು ಕೊತ್ತಂಬರಿ ಕಟ್ಟುತ್ತಿದ್ದ ತಂಗಿ ಪುಟ್ಟಗೌರಿಯ ಮುಖದಲ್ಲಿ ಈಗ ಕಣ್ಣು ಯಾವುದು, ಮೂಗು ಯಾವುದು ತಿಳಿಯದು.

"ಕೂಗಿದ್ರೆ ನಿಮ್ಮ ಮುಖದಲ್ಲಿದ್ದ ಭಾವ ಹೋಗ್ಬಿಡ್ತಿತ್ತು ಅಜ್ಜಿ" ಎಂದ.

"ನನ್ನ ಭಾವಕ್ಕೆ ಇವಳ ಮುಖ ತಿಂದ್ಯಾ? ಮೊಮ್ಮಗು ಇವಳನ್ನ ನೋಡಿ ಕಿಟಾರನೆ ಕಿರುಚ್ಕೊಂಡ್ರೆ ನೀನು ಬಂದು ಎತ್ಕೋತೀಯಾ? ಸರಿ ಮಾಡು!"

"ಇವರದೇ ಫೋಟೊ ತೆಗೆದ್ರೆ ಸರಿಹೋಗುತ್ತೆ. ಆದ್ರೆ ಹಿಂದೆ ಇನ್ಯಾರಾದ್ರೂ ನಿಂತು ಮಸುಕಾಗ್ಬೇಕು. ಯಾರು ನಿಲ್ತಾರೆ?"

ಸುತ್ತ ನೆರೆದಿದ್ದವರೆಲ್ಲ ದೂರ ಸರಿದರು. ನಾನು ಅವನ ಕೊರಳಿನಿಂದ ಕ್ಯಾಮೆರಾ ಬಿಡಿಸಿಕೊಂಡೆ.

"ಯಾವ ಗುಂಡಿ ಒತ್ತಬೇಕು ಅಂತ ತೋರಿಸ್ಬಿಟ್ಟು, ಅವಳ ಹಿಂದೆ ಹೋಗಿ ನಿಂತ್ಕೊಳಪ್ಪ" ಎಂದೆ.