ಅಳತೆ ಬರೆದ ಚೀಟಿ

"ಕೋವಿ ಕುದುರೆ ಬಿಗಿ ಇರ್ಲಿ. ಹಿಡಿದ ಕೈ ನಡುಗಿದ್ರೂ ತಾನಾಗಿ ಗುಂಡು ಹಾರ್ಬಾರ್ದು," ಎಂದಳು ಹೆಡ್ವಿಗ್.

ಫೆರ್ಲಾಖ್ ಊರಿನಲ್ಲಿ ಕೋವಿ ಮಾಡುವ ಓಟ್ಮಾರ್ ತಲೆ ಎತ್ತಲಿಲ್ಲ. ಎರಡು ವರ್ಷದ ಹಿಂದೆ ಬೇಟೆಯಲ್ಲಿ, ಅಪ್ಪ ಮಾಡಿಕೊಟ್ಟಿದ್ದ ಅವನ ಕೋವಿ ಬೆರಳು ಸೋಕಿದ್ದಕ್ಕೇ ಸಿಡಿದಿತ್ತು. ಎದುರಿಗಿದ್ದು ಸತ್ತವನು ಇವಳ ಗಂಡ, ಕ್ವಿರಿನ್. ಆ ಕೋವಿಯನ್ನು ಓಟ್ಮಾರ್ ನದಿಗೆಸೆದ. ಮಣ್ಣಿನ ದಿನ ಊರ ಬೇಟೆಗಾರರೆಲ್ಲ ಗುಂಡಿಯೊಳಗೆ ಒಂದೊಂದು ಸ್ಪ್ರೂಸ್ ಮರದ ಕುಡಿ ಹಾಕಿ ಬೀಳ್ಕೊಟ್ಟರು. ಇವನೊಬ್ಬ ಸ್ಮಶಾನದ ಗೋಡೆಯಾಚೆ ನಿಂತಿದ್ದ. ಈಗಲೂ ಅರ ಕೆಳಗಿಟ್ಟರೆ ಸಾಕು, ಪಕ್ಕದಲ್ಲಿ ಕ್ವಿರಿನ್ ಕೆಮ್ಮಿದಂತಾಗುತ್ತದೆ.

"ನಳಿಗೆ ಹೇಗಿರ್ಬೇಕು ನಿಮಗೆ?"

"ನಿಮಗೆ ಅಂತೆ! ನನ್ನ ಮದುವೇಲಿ ಮೇಜಿನ ಮೇಲೆ ಹತ್ತಿ ಕುಣಿದೋನು! ಗಿಡ್ಡ ಇರ್ಲಿ, ಮರಗಳ ನಡುವೆ ತಿರುಗ್ಬೇಕು. ಗುಂಡು ಭಾರದ್ದೇ ಇರ್ಲಿ. ಬಿದ್ದದ್ದು ನರಳ್ಬಾರ್ದು."

"ಯಾವ ಪ್ರಾಣಿಗೆ?"

"ಜಿಂಕೆ ಅಂತ ಬರ್ಕೊ." ಅವಳು ಅವನನ್ನೇ ನೋಡಿದಳು. "ಆದ್ರೆ ಎರಡು ವರ್ಷದಿಂದ ಗಾಯ ಹೊತ್ಕೊಂಡು ಅಲೀತಿರೋದು ಒಂದಿದೆ. ಅದನ್ನ ಹಾಗೇ ಬಿಡಬಾರ್ದು ಅಂತಿದ್ದ ಕ್ವಿರಿನ್."

ಬೇಟೆಗಾರರ ಉಣ್ಣೆ ಕೋಟು ಹೊಲಿದು ಬದುಕುವವಳು. ಅಳತೆಗಳನ್ನು ಚೀಟಿಯಲ್ಲಿ ಬರೆದೇ ತಂದಿದ್ದಳು. ಮರದ ಹಿಡಿಯ ಉದ್ದ ಅವಳ ತೋಳಿಗೆ ಮೂರು ಬೆರಳು ಹೆಚ್ಚಾಗಿತ್ತು. ಹಾಗಾದರೆ ಹೊಡೆಯುವವಳು ಇವಳಲ್ಲ. ಇವಳ ಅಣ್ಣ. ಎತ್ತರದ ಆಳು, ತಂಗಿಯ ಗಂಡನ ಶವಪೆಟ್ಟಿಗೆ ಮುಟ್ಟಿ ಸೇಡಿನ ಆಣೆ ಇಟ್ಟವನು.

ಓಟ್ಮಾರ್ ಊರು ಬಿಡಬಹುದಿತ್ತು. ಬಿಡಲಿಲ್ಲ. ಅಪ್ಪ ಮೂವತ್ತು ವರ್ಷ ಒಣಗಿಸಿಟ್ಟಿದ್ದ ಅಕ್ರೋಟು ಮರದ ತುಂಡನ್ನು ಅಟ್ಟದಿಂದ ಇಳಿಸಿದ. ಮುಸ್ಸಂಜೆಯಲ್ಲೂ ಗುರಿ ಕಾಣುವ ದುರ್ಬೀನು ಆರಿಸಿದ. ತನ್ನ ಸಾವಿಗೆ ತಾನೇ ಎಂಟು ತಿಂಗಳು ಎಣ್ಣೆ ತಿಕ್ಕಿದ. ಕುದುರೆಯನ್ನು ಮಾತ್ರ ಮೂರು ಸಲ ಬಿಚ್ಚಿ ಬಿಗಿ ಮಾಡಿದ. ಕೈತಪ್ಪಿಯಂತೂ ಯಾರೂ ಸಾಯಬಾರದು.

ಅಕ್ಟೋಬರಿನಲ್ಲಿ ಹೆಡ್ವಿಗ್ ಬಂದಳು. ಅಣ್ಣ ಬಾಗಿಲಾಚೆ ನಿಂತ.

"ಅವರನ್ನ ಒಳಗೆ ಕರೀರಿ," ಎಂದ ಓಟ್ಮಾರ್. "ಭುಜಕ್ಕೆ ಕೂರುತ್ತಾ ನೋಡ್ಲಿ."

"ಅವನಿಗ್ಯಾಕೆ? ನೀನೇ ಎತ್ತು."

ಎತ್ತಿದ. ಹಿಡಿ ಭುಜದ ಗುಳಿಯಲ್ಲಿ ತಾನಾಗಿ ಕೂತಿತು. ಕೆನ್ನೆ ಮರಕ್ಕೆ ಒರಗಿತು, ಕಣ್ಣು ನೇರ ದುರ್ಬೀನಿನ ನಡುವಿಗೆ ಹೋಯಿತು. ಊರವರ ಅಳತೆಯೆಲ್ಲ ಬಲ್ಲವನು ತನ್ನದನ್ನು ಎಂದೂ ತೆಗೆದಿರಲಿಲ್ಲ. ಅಪ್ಪನ ಕೋವಿ ಇದ್ದಾಗ ಅದು ಬೇಕಾಗಿರಲೂ ಇಲ್ಲ.

"ಈ ಅಳತೆ..."

"ನಿನ್ನ ಕೋಟು ಹೊಲಿದೋಳು ಯಾರೋ, ಪೆದ್ದ? ಭಾನುವಾರ ಬೇಟೆ ಇದೆ. ಕ್ವಿರಿನ್ ನಿಲ್ತಿದ್ದ ಜಾಗ ಖಾಲಿ, ಅಲ್ಲಿ ನೀನು ನಿಲ್ಬೇಕು. ಅಣ್ಣನೂ ಒಪ್ಪಿದಾನೆ. ಮೊದ್ಲು ಗೋರಿ ಹತ್ರ ಹೋಗಿ ಬರೋಣ, ನಡಿ."

ಕಿಸೆಯಿಂದ ಒಂದು ಸ್ಪ್ರೂಸ್ ಕುಡಿ ತೆಗೆದು ಅವನ ಎಡಗೈಗೆ ಇಟ್ಟಳು. ಕೋವಿ ಹಿಡಿದ ಬಲಗೈ ಗಡಗಡ ನಡುಗಿತು. ಕುದುರೆ ಅಲುಗಲಿಲ್ಲ.